ನೀಲಿ ಬಂದ ಕಬ್ಬಿಣ

ಬಿಳಿ ದೊರೆ ಹಡಗು ಹತ್ತಿ ಹೋದ ಮೇಲೆ ಕಡಬದ ಹತ್ತಿರದ ರಬ್ಬರ್ ಎಸ್ಟೇಟಿಗೆ ಮ್ಯಾನೇಜರಾಗಿ ಬಂದವರು ದೇವದಾಸ ರೈಗಳು. ಪುತ್ತೂರಿನವರೇ, ಮನೆಯಲ್ಲಿ ತುಳು ಮಾತನಾಡುವವರೇ. ಆದರೆ ಬಂಗಲೆ, ಕುರ್ಚಿ, ಎರಡು ನಾಯಿಗಳ ಜೊತೆಗೆ ‘ದೊರೆ’ ಎಂಬ ಹೆಸರೂ ಅವರಿಗೆ ಚಾರ್ಜಿನಲ್ಲೇ ಸಿಕ್ಕಿತ್ತು. ಐವತ್ತೆಂಟನೇ ಇಸವಿಯಲ್ಲಿ ಅವರು ಮದರಾಸಿನಿಂದ ಒಂದು ಚೀಲ ಗಾಲ್ಫ್ ಕೋಲುಗಳನ್ನು ತರಿಸಿದರು. ಎಸ್ಟೇಟಿನಲ್ಲಿ ಗಾಲ್ಫ್ ಆಡುವಂಥ ಬಯಲಿರಲಿಲ್ಲ, ಜೊತೆಗೆ ಆಡಲು ಇನ್ನೊಬ್ಬರಿರಲಿಲ್ಲ, ರೈಗಳಿಗೆ ಆಟವೂ ಬರುತ್ತಿರಲಿಲ್ಲ. ಇಷ್ಟು ಬಿಟ್ಟರೆ ಬೇರೆ ಕೊರತೆ ಇರಲಿಲ್ಲ.

ಆ ಕೋಲುಗಳ ತುದಿಯ ಕಬ್ಬಿಣ ಮಾಮೂಲಿ ಬಿಳಿಯದಲ್ಲ, ನವಿಲಿನ ಕತ್ತಿನಂಥ ನೀಲಿ. ಬಣ್ಣದ ಐರನ್ನಿಗೆ ಚೆಂಡು ಇಪ್ಪತ್ತು ಗಜ ಹೆಚ್ಚು ಹೋಗುತ್ತದೆಂದು ರೈಗಳು ಬಂದವರಿಗೆಲ್ಲ ಹೇಳುತ್ತಿದ್ದರು. ಚೆಂಡು ಹೋಗುವುದು ನಿಜವೇ. ಎಲ್ಲಿಗೆ ಹೋಯಿತೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮರುದಿನ ರಬ್ಬರ್ ಹಾಲು ತೆಗೆಯುವವರು ಗಿಡಗಳ ಬುಡದಲ್ಲಿ ಹುಡುಕಿ ತಂದುಕೊಡಬೇಕಾಗಿತ್ತು.

ಒಂದು ದಿನ ಬಂಗಲೆಯ ಅಡುಗೆಯವನು, ಮಸಿ ಹಿಡಿದಿದೆ ಎಂದುಕೊಂಡು, ಒಂದು ಕೋಲನ್ನು ಹುಣಸೆಹುಳಿ ಬೂದಿ ಹಾಕಿ ಫಳಫಳ ಉಜ್ಜಿಟ್ಟ. ಬಣ್ಣ ಹೋಯಿತು. ರೈಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಕೋಲು ಕಡಬದ ಪೇಟೆಯಲ್ಲಿದ್ದ ದೇರಣ್ಣ ಆಚಾರಿಯ ಕುಲುಮೆಗೆ ಬಂತು.

ದೇರಣ್ಣ ಕತ್ತಿ ಮಾಡುವವನು. ಬೆಳ್ಳಾರೆಯಿಂದ ನೆಲ್ಯಾಡಿಯವರೆಗೆ ಗಂಡಸರ ಸೊಂಟದಲ್ಲಿ ತೂಗುತ್ತಿದ್ದುದು ಹೆಚ್ಚಾಗಿ ಅವನ ಕತ್ತಿಯೇ. ಕಬ್ಬಿಣದ ಬಣ್ಣಗಳು ಅವನಿಗೆ ಕಂಠಪಾಠ. ಕಾಯಿಸಿ ನೀರಿಗದ್ದಿದ ಅಲಗನ್ನು ಮತ್ತೆ ಹದವಾಗಿ ಬಿಸಿ ಮಾಡಿದರೆ ಮೊದಲು ಬೈಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬೈಹುಲ್ಲಿನ ಬಣ್ಣಕ್ಕೇ ನೀರಿಗೆ ಅದ್ದಬೇಕು. ಕಣ್ಣು ತಪ್ಪಿ ನೀಲಿ ಬಂತೋ, ಹದ ಹೋಯಿತು. ಅಂಥ ಕತ್ತಿ ಹಸಿ ಕೋಲಿಗೂ ಬಾಯಿ ಮಡಚುತ್ತದೆ. ಹೀಗೆ ಹಾಳಾದ ಕತ್ತಿಯನ್ನು ದೇರಣ್ಣ ಯಾರ ಕಣ್ಣಿಗೂ ಬೀಳದ ಹಾಗೆ ಒಲೆಗೆ ಹಾಕಿ ಕೆಂಪಗೆ ಕಾಯಿಸಿ ಮತ್ತೆ ಬಡಿಯುತ್ತಿದ್ದ.

ಅಂಥವನ ಮುಂದೆ ದೊರೆಗಳು ಬಂದು, ಬೇಕೆಂದೇ ನೀಲಿ ಮಾಡಿಕೊಡು ಎಂದರು. ಚೆಂಡಿಗೆ ಹೊಡೆಯುವ ಕೋಲಿಗೆ ಅಲಗೂ ಇಲ್ಲ, ಹದವೂ ಬೇಡ ಎಂದು ದೇರಣ್ಣ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬಿಸಿ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತು ಕಾಯಿಸಿ, ಎಣ್ಣೆ ಸವರಿ, ಕುಲುಮೆಯ ಮುಂದೆ ತೂಗುಹಾಕಿದ. ಬಣ್ಣ ಮದರಾಸಿನದಕ್ಕಿಂತ ಚೆನ್ನಾಗಿ ಬಂದಿತ್ತು. ಅದೇ ಅವನು ಮಾಡಿದ ತಪ್ಪು, ಯಾಕೆಂದರೆ ಅಂದು ಕಡಬದ ಸಂತೆ.

ಮುಂದಿನ ಸಂತೆಗೆ ಮೂಸಕುಂಞಿ ಬ್ಯಾರಿ ಕುಲುಮೆಗೆ ಬಂದ. ದೇರಣ್ಣನ ಕತ್ತಿಗಳನ್ನು ಸಂತೆ ಸಂತೆಗೆ ಹೊತ್ತು ಮಾರುವವನು ಅವನೇ. ಹೋದ ವಾರ ಒಯ್ದ ಕಟ್ಟನ್ನು ಬಿಚ್ಚದೆ ಹಾಗೇ ಕೆಳಗಿಟ್ಟ.

“ಆಚಾರ್ರೆ, ಇದು ಹೋಗುದಿಲ್ಲ. ಜನಕ್ಕೆ ನೀಲಿ ಬೇಕಂತೆ. ನೀಲಿ ಹಾಕಿದ ಕಬ್ಬಿಣಕ್ಕೆ ಶಕ್ತಿ ಜಾಸ್ತಿ ಉಂಟಂತೆ.”

“ಯಾರು ಹೇಳಿದ್ದು?”

“ದೊರೆಗಳೇ ಹೇಳಿದ್ದಾರಲ್ಲ ಮಾರಾಯ್ರೆ, ಇಪ್ಪತ್ತು ಗಜ.”

“ಕತ್ತಿಯನ್ನು ಯಾರಾದರೂ ಗಜಗಟ್ಟಲೆ ಬಿಸಾಡ್ತಾರಾ? ನೀಲಿ ಬಂದರೆ ಹದ ಹೋಯಿತು ಅಂತ ಅರ್ಥ. ನಾನು ಮಾಡುದಿಲ್ಲ.”

“ಮಾಡಬೇಡಿ. ನೆಲ್ಯಾಡಿಯ ಆಚಾರಿ ಮಾಡ್ತಾ ಇದ್ದಾರೆ,” ಎಂದು ಮೂಸಕುಂಞಿ ಎದ್ದ.

ದೇರಣ್ಣ ಮೂರು ಸಂತೆ ಹಟ ಹಿಡಿದ. ಬಂದವರಿಗೆಲ್ಲ ಬೈಹುಲ್ಲಿನ ಪಾಠ ಹೇಳಿದ. ಜನ ಗೌರವದಿಂದ ತಲೆಯಾಡಿಸಿ ನೆಲ್ಯಾಡಿಯ ಬಸ್ಸು ಹತ್ತಿದರು. ನಾಲ್ಕನೆಯ ವಾರ ಹೆಂಡತಿ ಸುಂದರಿ ಗಾಳಿಯೂದುವ ತಿದಿಯ ಪಕ್ಕದಲ್ಲಿ ಬಂದು ಕೂತಳು. “ಹದ ನೋಡಿಕೊಂಡು ಕೂತರೆ ಗಂಜಿ ಬೇಯುದಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು.

ಅವನು ನೀಲಿ ಕತ್ತಿ ಮಾಡಿದ. ಜೀವಮಾನವಿಡೀ ಬಚ್ಚಿಟ್ಟ ತಪ್ಪನ್ನು ಈಗ ಡಜನುಗಟ್ಟಲೆ ಮಾಡಿ ಸಾಲಾಗಿ ತೂಗುಹಾಕಿದ. ನಾಚಿಕೆಯಿಂದ ಆ ದಿನ ಯಾರ ಮುಖವನ್ನೂ ನೋಡಲಿಲ್ಲ. ಕತ್ತಿಗಳು ಮಧ್ಯಾಹ್ನದೊಳಗೆ ಖಾಲಿಯಾದವು. ‘ಈಗಲ್ಲವೇ ಆಚಾರಿ ಕೆಲಸ ಕಲಿತದ್ದು’ ಎಂದು ನಾಲ್ಕು ಜನ ಹೊಗಳಿಯೂ ಹೋದರು.

ಒಂದೇ ಒಂದು ಆಸೆ ಅವನಲ್ಲಿ ಉಳಿದಿತ್ತು. ತಿಂಗಳೊಳಗೆ ಈ ಕತ್ತಿಗಳ ಬಾಯಿ ಮಡಚಲೇಬೇಕು. ಜನ ಬಂದು ಮುಖಕ್ಕೆ ಬಿಸಾಡಿ ಬಯ್ಯಬೇಕು. ಬಯ್ದದ್ದನ್ನೆಲ್ಲ ತಲೆತಗ್ಗಿಸಿ ಕೇಳಿಕೊಂಡು, ಮಾರದೆ ಒಳಗಿಟ್ಟ ಹಳೆಯ ಬಿಳಿ ಕತ್ತಿಗಳ ಕಟ್ಟನ್ನು ತೆಗೆದು ಮುಂದಿಡಬೇಕು. ದೇವರ ಹತ್ತಿರ ವರ ಕೇಳುವವರ ಹಾಗೆ ದೇರಣ್ಣ ಬಯ್ಗುಳಕ್ಕೆ ಕಾದ.

ತಿಂಗಳು ಒಂದಾಯಿತು, ಎರಡಾಯಿತು. ಒಬ್ಬನೂ ಬರಲಿಲ್ಲ. ತನ್ನ ಕಣ್ಣೇ ಇಷ್ಟು ವರ್ಷ ಸುಳ್ಳು ಹೇಳಿತೋ ಏನೋ ಎಂದು ಅವನಿಗೆ ದಿಗಿಲಾಯಿತು. ಒಂದು ನೀಲಿ ಕತ್ತಿಯನ್ನು ತಾನೇ ಒಯ್ದು ಸೌದೆ ಕಡಿದು ನೋಡಿದ. ಮೂರೇಟಿಗೆ ಬಾಯಿ ಮಡಚಿತು. ಹಾಗಾದರೆ ಜನಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯುವುದೇ ನಿಂತುಹೋಯಿತೇ ಎಂದು ಇನ್ನಷ್ಟು ನೊಂದುಕೊಂಡ.

ಮೂರನೆಯ ತಿಂಗಳು ಬೆಳ್ಳಾರೆಯಿಂದ ತ್ಯಾಂಪಣ್ಣ ಬಂದ. ಜಮೀನುದಾರ, ಅಪ್ಪನ ಕಾಲದಿಂದಲೂ ಈ ಕುಲುಮೆಯ ಗಿರಾಕಿ. ಸೊಂಟದಿಂದ ನೀಲಿ ಕತ್ತಿ ತೆಗೆದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ. ದೇರಣ್ಣ ಬಯ್ಗುಳಕ್ಕೆ ತಲೆ ತಗ್ಗಿಸಿ ನಿಂತ.

“ಬಾಯಿ ಹೋಯಿತಾ ಧಣಿ?”

“ಬಾಯಿ ಅಲ್ಲ ಮಾರಾಯ, ಬಣ್ಣ. ಇಲ್ಲಿ ನೋಡು, ಬೆವರು ತಾಗಿ ಮಾಸಿದೆ. ನಾಳೆ ರೈಗಳ ಬಂಗಲೆಗೆ ಹೋಗಲಿಕ್ಕೆ ಉಂಟು. ಬೇಗ ನೀಲಿ ಮಾಡಿ ಕೊಡು.”

ದೇರಣ್ಣ ಅಲಗಿನ ಮೇಲೆ ಬೆರಳಾಡಿಸಿದ. ಒಂದು ಗೀರೂ ಇರಲಿಲ್ಲ. “ಇದರಲ್ಲಿ ಎಂತ ಕಡಿದಿದ್ದೀರಿ?”

“ಕಡಿಯುದಾ? ಕಡಿಯಲಿಕ್ಕೆ ನಿನ್ನ ಹಳೆ ಬಿಳಿ ಕತ್ತಿ ಉಂಟಲ್ಲ. ಅದರ ಹಾಗೆ ಕಡಿಯುವ ಕತ್ತಿ ಇನ್ನು ಹುಟ್ಟಬೇಕಷ್ಟೆ. ಎಲ್ಲರ ಮನೆಯಲ್ಲೂ ಅದೇ. ಇದು ಸೊಂಟಕ್ಕೆ.”

ಎಲ್ಲರಿಗೂ ಎಲ್ಲವೂ ತಿಳಿದಿತ್ತು. ಯಾರೂ ಮೋಸ ಹೋಗಿರಲಿಲ್ಲ; ಎರಡು ತಿಂಗಳು ಮೋಸ ಮಾಡಿದೆನೆಂದು ಕೊರಗಿದವನು ಅವನೊಬ್ಬನೇ. ದೇರಣ್ಣನಿಗೆ ಸಂತೋಷವಾಗಬೇಕಿತ್ತು, ಆದರೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು.

“ಹಾಗಾದರೆ ಇದಕ್ಕೆ ಅಲಗು ಯಾಕೆ ಧಣಿ?” ಎಂದು ಚುಚ್ಚಿದ.

ತ್ಯಾಂಪಣ್ಣ ಗಂಭೀರವಾಗಿ ಯೋಚಿಸಿದ. “ನೀನು ಹೇಳುದು ಸರಿ. ಅಲಗು ಬೇಡ. ಕೂರುವಾಗ ತೊಡೆಗೆ ತಾಗುದು ತಪ್ಪುತ್ತದೆ.”

ದೇರಣ್ಣ ಅರ ತೆಗೆದುಕೊಂಡು ಅಲಗನ್ನು ಪೂರ್ತಿ ಉಜ್ಜಿ ಮೊಂಡು ಮಾಡಿದ, ಹೊಯ್ಗೆಯಲ್ಲಿ ಹೂತು ನೀಲಿ ಬರಿಸಿದ, ಎಣ್ಣೆ ಸವರಿ ಕೊಟ್ಟ. ಮುಂದಿನ ಸಂತೆಗೆ ಮೂಸಕುಂಞಿ ಅಂಥದ್ದೇ ಎರಡು ಡಜನು ಕೇಳಿದ.