ಅಡಿಟಿಪ್ಪಣಿ ವಕೀಲೆಯಲ್ಲ

ವಾಣಿಜ್ಯ ನ್ಯಾಯಾಲಯದ ಎರಡನೇ ಕೊಠಡಿಯಲ್ಲಿ, ನ್ಯಾಯಾಧೀಶರ ಪೀಠದ ಕೆಳಗೆ, ಸಾಕ್ಷಿಕಟ್ಟೆಯಿಂದ ನಾಲ್ಕೇ ಅಡಿ ದೂರದಲ್ಲಿ ಕೂತು ಅವಳು ಹತ್ತೊಂಬತ್ತು ವರ್ಷಗಳಿಂದ ಬೇರೆಯವರ ಮಾತನ್ನು ಟೈಪ್ ಮಾಡುತ್ತಿದ್ದಳು. ಸಾಕ್ಷಿ ಹೇಳುತ್ತಿದ್ದ, ನ್ಯಾಯಾಧೀಶರು ಅದನ್ನು ಓರಣವಾಗಿ ಬರೆಸುತ್ತಿದ್ದರು, ಇವಳ ಬೆರಳು ಓಡುತ್ತಿತ್ತು. ಅವಳು ಟೈಪಿಸಿದ ಹಾಳೆಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದನ್ನು ಕಂಡವರಿರಲಿಲ್ಲ. ವಕೀಲರೆಲ್ಲ ಅವಳನ್ನು ‘ಟೈಪಿಂಗ್ ಮೇಡಂ’ ಎನ್ನುತ್ತಿದ್ದರು. ಅವಳ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದವರಲ್ಲ. ಒಂದು ಸಲ ಫ್ಯಾನು ಬೇಕೋ ಬೇಡವೋ ಎಂದು ಕೇಳಿದ್ದರು, ಅಷ್ಟೇ.

ಐದು ವರ್ಷದ ಹಿಂದೆ ಸಾಫ್ಟ್‌ವೇರ್ ಹಕ್ಕಿನ ಒಂದು ದೊಡ್ಡ ಮೊಕದ್ದಮೆ ಅವಳ ಕೊಠಡಿಗೆ ಬಂದು ಎರಡು ವರ್ಷ ನಡೆಯಿತು. ಅದು ಮುಗಿಯುವಷ್ಟರಲ್ಲಿ ಪ್ರೋಗ್ರಾಂನ ಕೋಡನ್ನು ಎಲ್ಲರಿಗೂ ಬಿಟ್ಟುಕೊಡುವ ಓಪನ್ ಸೋರ್ಸ್ ಲೈಸೆನ್ಸುಗಳ ಷರತ್ತುಗಳು ಅವಳಿಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದವು. ಇಷ್ಟು ತಿಳಿದುಕೊಂಡು ಸುಮ್ಮನಿರುವುದು ಹೇಗೆ? ಹುಡುಕಿದಾಗ ಇಂಟರ್‌ನೆಟ್ಟಿನಲ್ಲಿ ಒಂದು ಚರ್ಚಾಕಟ್ಟೆ ಸಿಕ್ಕಿತು. ಸಾಫ್ಟ್‌ವೇರ್ ಬರೆಯುವವರೂ ಕಾನೂನಿನ ಹುಚ್ಚಿದ್ದವರೂ ಅಲ್ಲಿ ಸೇರಿ, ಯಾವ ಲೈಸೆನ್ಸಿನ ಯಾವ ಸಾಲಿಗೆ ಏನರ್ಥ ಎಂದು ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಅವಳು ‘ಅಡಿಟಿಪ್ಪಣಿ’ ಎಂಬ ಹೆಸರಿನಲ್ಲಿ ಒಳಹೊಕ್ಕಳು. ಒಂದೇ ವರ್ಷದಲ್ಲಿ ಅಡಿಟಿಪ್ಪಣಿ ಬಾಯಿ ಬಿಟ್ಟರೆ ಉಳಿದವರು ಮುಚ್ಚುವ ಕಾಲ ಬಂತು. ಯಾರೋ ಒಬ್ಬರು ‘ವಕೀಲರೇ’ ಎಂದು ಕರೆದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ನಗುವಿನ ಚಿಹ್ನೆ ಹಾಕಿದಳು. ಆಮೇಲೆ ಎಲ್ಲರೂ ಹಾಗೇ ಕರೆಯತೊಡಗಿದರು.

ಅವಳ ಅತ್ತೆಗೆ ಇದೊಂದೂ ತಿಳಿಯದು. “ಅದ್ಯಾರ ಜೊತೆ ಜಗಳ ಆಡ್ತಿದ್ದೀಯ ಆ ಫೋನಲ್ಲಿ? ಹಲ್ಲು ಕಡಿಯೋ ಸದ್ದು ಇಲ್ಲೀವರೆಗೂ ಕೇಳುತ್ತೆ” ಎನ್ನುತ್ತಿದ್ದರು. ಗಂಡನಿಗೆ ಕನ್ನಡಕದ ಅಂಗಡಿ. ಅವನಿಗೆ ಅರ್ಧ ತಿಳಿದಿತ್ತು, ಆ ಅರ್ಧಕ್ಕೆ ನಗುತ್ತಿದ್ದ.

ಆ ಮಂಗಳವಾರ ಮಧ್ಯಾಹ್ನ ಸಾಕ್ಷಿಕಟ್ಟೆ ಹತ್ತಿದವನು ತಕ್ಕಡಿ ಮಾಡುವವನು. ಮೂರು ಜನ ಕೆಲಸಗಾರರ ಸಣ್ಣ ಕಾರ್ಖಾನೆ ಅವನದು. ಕಣ್ಣು ಕಾಣದ ವ್ಯಾಪಾರಿಗಳಿಗೆಂದು ತೂಕವನ್ನು ಬಾಯಿಬಿಟ್ಟು ಹೇಳುವ ತಕ್ಕಡಿ ಮಾಡಿದ್ದ. ಮಾತಾಡುವ ಭಾಗ ಅವನ ಸ್ವಂತದ್ದಲ್ಲ; ಅಂಧರ ಶಾಲೆಯ ನಿವೃತ್ತ ಮೇಷ್ಟರೊಬ್ಬರು ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟ ಸಾಫ್ಟ್‌ವೇರ್. ಅದರ ಲೈಸೆನ್ಸಿನಲ್ಲಿ ಒಂದೇ ಕಟ್ಟಳೆ: ಯಾರು ಬೇಕಾದರೂ ಬಳಸಿ, ಮಾರಿ, ಆದರೆ ನಿಮ್ಮ ಕೋಡಿನೊಳಗೆ ಇದನ್ನು ಬೆಸೆದರೆ ನಿಮ್ಮ ಕೋಡನ್ನೂ ಎಲ್ಲರಿಗೂ ಕೊಡಬೇಕು. ತಕ್ಕಡಿಯವನು ಕೊಟ್ಟಿರಲಿಲ್ಲ. ಮೇಷ್ಟರು ದಾವೆ ಹೂಡಿದ್ದರು.

“ಕೊಡಬೇಕು ಅಂತ ನಿಮಗೆ ಗೊತ್ತಿರಲಿಲ್ವಾ?” ಮೇಷ್ಟರ ಪರ ವಕೀಲರು ಕೇಳಿದರು.

“ಕೇಳಿದ್ದೆ ಸ್ವಾಮಿ. ಲೈಸೆನ್ಸ್ ಬಗ್ಗೆ ಚರ್ಚೆ ಮಾಡೋ ಒಂದು ಜಾಗ ಇದೆ, ಆನ್‌ಲೈನಲ್ಲಿ. ಅಲ್ಲಿ ವಿವರವಾಗಿ ಬರೆದು ಕೇಳಿದೆ. ಲಾಯರೊಬ್ಬರು ಉತ್ತರ ಕೊಟ್ರು, ಬೇಕಾಗಿಲ್ಲ ಅಂತ.”

ಅವನ ವಕೀಲರು ಎದ್ದು ಒಂದು ಮುದ್ರಿತ ಹಾಳೆಯನ್ನು ಮುಂದಿಟ್ಟರು. ನ್ಯಾಯಾಧೀಶರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಅದನ್ನು ಓದಿದರು. ಐವತ್ತು ದಾಟಿದ, ಮಾತಿನಲ್ಲಿ ಬಲು ಬಿಗಿಯಾದ ಹೆಂಗಸು ಅವರು.

“‘ಬಾಡಿಗೆಗೆ ಬಂದವನು ಮನೆಯವರ ವಂಶದ ಹೆಸರನ್ನು ಇಟ್ಟುಕೊಳ್ಳಬೇಕಾಗಿಲ್ಲ. ನಿಮ್ಮ ಪ್ರೋಗ್ರಾಂ ಬೇರೆ, ಅದು ಬೇರೆ. ನಿಶ್ಚಿಂತೆಯಿಂದ ಮಾರಿ. ಅಡಿಟಿಪ್ಪಣಿ.’ ಭೇಷ್! ಬರೆಯೋಕೆ ಬರುತ್ತೆ ಈ ಮನುಷ್ಯನಿಗೆ.” ಅವರು ಕೆಳಗೆ ನೋಡಿದರು. “ಬರ್ಕೊಳ್ಳಿ. ಈ ಹಾಳೆಗೆ ನಿಶಾನೆ ಏಳು.”

ಅವಳು ‘ನಿಶಾನೆ ಏಳು’ ಎಂದು ಬರೆದುಕೊಂಡಳು. ಆ ಪ್ರಶ್ನೆ ಅವಳಿಗೆ ಚೆನ್ನಾಗಿ ನೆನಪಿತ್ತು. ‘ಮುಳ್ಳುಹಂದಿ’ ಎಂಬ ಹೆಸರಿನ ಒಬ್ಬ ಅಂದು ಅಡ್ಡ ಬಂದು, “ಎರಡನ್ನೂ ಬೆಸೆದು ಒಂದೇ ಪ್ರೋಗ್ರಾಂ ಮಾಡಿದ್ದೀರಾ, ಇಲ್ಲಾ ಅಕ್ಕಪಕ್ಕ ಇಟ್ಟಿದ್ದೀರಾ? ಅದು ತಿಳಿಯದೆ ಹೇಳೋಕಾಗಲ್ಲ” ಎಂದಿದ್ದ. ಕೇಳಬೇಕಾದ ಪ್ರಶ್ನೆಯೇ ಅದು. ಮುಳ್ಳುಹಂದಿಯ ಜೊತೆ ಹಳೆಯ ಹಗೆಯಿದ್ದುದರಿಂದ ಅವಳು ಅದನ್ನು ಗೇಲಿ ಮಾಡಿ ಹಾರಿಸಿಬಿಟ್ಟಿದ್ದಳು. ಮೂವತ್ತನಾಲ್ಕು ಜನ ಮೆಚ್ಚಿಗೆ ಒತ್ತಿದ್ದರು.

ತಕ್ಕಡಿಯವನು ಎರಡನ್ನೂ ಬೆಸೆದಿದ್ದ.

“ಉತ್ತರ ಕೊಟ್ಟವರು ವಕೀಲರು ಅಂತ ನೀವು ನಂಬಿದ್ರಾ?” ನ್ಯಾಯಾಧೀಶರು ಕೇಳಿದರು.

“ನಂಬಿದ್ದೆ ಅಮ್ಮ. ಎಲ್ಲರೂ ವಕೀಲರೇ ವಕೀಲರೇ ಅಂತಿದ್ರು. ಅವರು ಹೇಳಿದ್ಮೇಲೇ ನಾನು ಮಾರೋಕೆ ಶುರು ಮಾಡಿದ್ದು.”

ನ್ಯಾಯಾಧೀಶರು ಬರೆಸಿದರು: “ಉತ್ತರ ಕೊಟ್ಟವರು ವಕೀಲರೆಂದು ನಂಬಿ, ಅವರ ಮಾತಿನ ಆಧಾರದ ಮೇಲೆಯೇ ನಾನು ಯಂತ್ರವನ್ನು ಮಾರಾಟಕ್ಕೆ ಬಿಟ್ಟೆ.”

ಅವಳ ಬೆರಳು ನಿಂತಿತು. ಬೇಕೆಂದು ನಿಲ್ಲಿಸಿದಳೋ ತಾನಾಗಿ ನಿಂತಿತೋ. ಅಷ್ಟರಲ್ಲಿ ಮುಂದಿನ ವಾಕ್ಯ ಬಂತು, ಬೆರಳು ಅದರ ಹಿಂದೆ ಓಡಿತು. ಬಿಟ್ಟುಹೋದ ಸಾಲನ್ನು ಆಮೇಲೆ ಸೇರಿಸಿದರಾಯಿತು ಎಂದುಕೊಂಡಳು, ಸೇರಿಸಲಿಲ್ಲ. ಹೇಳಿಕೆ ಮುಗಿಯಿತು. ಮುದ್ರಣಯಂತ್ರ ಆರು ಹಾಳೆ ಕಕ್ಕಿತು. ಗುಮಾಸ್ತ ಅವನ್ನು ಎತ್ತಿಕೊಂಡು ಹೋಗಿ ಸಹಿಗೆ ಇಟ್ಟ. ತಕ್ಕಡಿಯವನು ಓದಲು ಕಣ್ಣು ಕಿರಿದು ಮಾಡಿದಾಗ ಅವನ ವಕೀಲರು, “ಟೈಪಿಂಗ್ ಮೇಡಂ ಮಾಡಿದ್ದು ರೀ, ಸರಿಯಾಗೇ ಇರುತ್ತೆ, ಹಾಕಿ” ಎಂದರು. ಅವನು ಆರೂ ಹಾಳೆಗೆ ಸಹಿ ಹಾಕಿದ.

“ಈ ಅಡಿಟಿಪ್ಪಣಿ ಯಾರು ಅಂತ ಪತ್ತೆ ಮಾಡಿ” ಎಂದರು ನ್ಯಾಯಾಧೀಶರು. “ವಕೀಲರೇ ಆಗಿದ್ರೆ ಸಾಕ್ಷಿಕಟ್ಟೆಗೆ ಕರೆಸೋಣ. ಮುಂದಿನ ದಿನಾಂಕ, ಹತ್ತು ದಿನ ಬಿಟ್ಟು.”

ಸಂಜೆ ಬಸ್ಸಿನಲ್ಲಿ ಅವಳು ಫೋನು ತೆಗೆದು ಚರ್ಚಾಕಟ್ಟೆಯ ‘ಖಾತೆ ಅಳಿಸು’ ಎಂಬ ಗುಂಡಿಯವರೆಗೆ ಹೋದಳು. ‘ಖಚಿತವೇ?’ ಎಂದು ಅದು ಕೇಳಿತು. ಪಕ್ಕದಲ್ಲಿ ಕೂತವನು ಅವಳ ಫೋನಿನ ಪರದೆಯನ್ನೇ ನೋಡುತ್ತಿದ್ದಾನೆ ಅನಿಸಿ ಫೋನನ್ನು ಚೀಲದೊಳಗೆ ತುರುಕಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಇಳಿಯುವ ನಿಲ್ದಾಣ ದಾಟಿಹೋದದ್ದು ಎರಡು ನಿಲ್ದಾಣವಾದ ಮೇಲೆ ತಿಳಿಯಿತು. ನಡೆದೇ ಗಂಡನ ಅಂಗಡಿಗೆ ಬಂದಳು.

ಅವನು ಒಂದು ಕನ್ನಡಕದ ಕಾಲಿಗೆ ಎಳ್ಳಿನಷ್ಟು ಸಣ್ಣ ತಿರುಪು ಹಾಕುತ್ತಿದ್ದ. ಕಣ್ಣು ಪರೀಕ್ಷಿಸುವ ಎತ್ತರದ ಕುರ್ಚಿಯಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು. ಗೋಡೆಯ ಕನ್ನಡಕದ ಚೌಕಟ್ಟುಗಳೆಲ್ಲ ಅವಳನ್ನೇ ನೋಡುತ್ತಿರುವಂತಿದ್ದವು.

“ದಾರೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡ ಹಾಗಾಯ್ತು” ಎಂದ ಅವನು. “ಇರ್ಲಿ. ಅಡಿಟಿಪ್ಪಣಿ ನೀನೇ ಅಂತ ಯಾರಿಗೆ ಗೊತ್ತಾಗುತ್ತೆ? ಬಾಯಿಗೆ ಬೀಗ ಹಾಕ್ಕೊಂಡು ಹತ್ತು ದಿನ ತಳ್ಳು.”

“ಆ ಸಾಲು?”

ಅವನು ತಿರುಪನ್ನೇ ನೋಡುತ್ತಿದ್ದ. “ಆ ಸಾಲಿಂದ ಅವನಿಗೆ ಏನಾಗುತ್ತೆ?”

“ಗೊತ್ತಿಲ್ಲದೆ ಮಾಡಿದ ತಪ್ಪು ಅಂತ ತೋರಿಸೋಕೆ ಅವನಿಗಿರೋದು ಅದೊಂದೇ. ಅದಿಲ್ದಿದ್ರೆ ಬೇಕಂತಲೇ ಕದ್ದ ಅಂತ ಆಗುತ್ತೆ. ಕಾರ್ಖಾನೆಗೆ ಬೀಗ ಬೀಳಬಹುದು.”

“ಮರೆತು ಬಿಟ್ಟೆಯೋ, ಬೇಕಂತ ಬಿಟ್ಟೆಯೋ?”

“ಗೊತ್ತಿಲ್ಲ.”

ಅವನು ತಿರುಪುಳಿಯನ್ನು ಕೆಳಗಿಟ್ಟ. “ಗೊತ್ತಿಲ್ಲ ಅಂತ ನೀನು ಯಾವತ್ತೂ ಅಂದವಳಲ್ಲ” ಎಂದ.

ಮನೆಯಲ್ಲಿ ಅವಳು ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅತ್ತೆ ಬಂದು ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ. ಹಾಗಾದ್ರೆ ಏನೋ ತಪ್ಪು ಮಾಡಿದ್ದೀಯ” ಎಂದರು. ಅವಳು ಅತ್ತುಬಿಟ್ಟಳು. ಅತ್ತೆ ಪಾತ್ರೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಒರೆಸಿಡತೊಡಗಿದರು.

ಮರುದಿನ ಕಲಾಪ ಶುರುವಾಗುವ ಮೊದಲೇ ಅವಳು ನ್ಯಾಯಾಧೀಶರ ಖಾಸಗಿ ಕೊಠಡಿಯ ಬಾಗಿಲು ತಟ್ಟಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಒಳಗೆ ಕಾಲಿಡುತ್ತಲೇ ಚೆಲ್ಲಾಪಿಲ್ಲಿಯಾದವು. ಕೊನೆಯದನ್ನು ಮೊದಲು ಹೇಳಿದಳು.

“ನಿನ್ನೆ ಹೇಳಿಕೇಲಿ ಒಂದು ಸಾಲು ಬಿಟ್ಟಿದ್ದೀನಿ ಮೇಡಂ, ಬೆರಳು ನಿಂತುಬಿಡ್ತು. ಅಡಿಟಿಪ್ಪಣಿ ನಾನೇ.”

ನ್ಯಾಯಾಧೀಶರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವರು ಮೊದಲು ನಕ್ಕರು, ನಿಜವಾಗಿಯೂ. “ಆ ಬಾಡಿಗೆಯವನ ಮಾತು ನಿಮ್ಮದಾ?” ಆಮೇಲೆ ತಮ್ಮ ಟಿಪ್ಪಣಿ ಪುಸ್ತಕ ತೆರೆದು, ಕಡತ ತರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದರು. ನಗು ಆರಿಹೋಯಿತು.

“ಹೊರಗೆ ಏನು ಬರ್ಕೊಂಡ್ರೋ ಅದು ನಿಮ್ಮ ಮೂರ್ಖತನ. ಆದ್ರೆ ಇದು? ಬೆರಳು ನಿಂತುಬಿಡ್ತು ಅಂತೀರ. ಇನ್ನೂ ಎಷ್ಟು ಕೇಸಲ್ಲಿ ನಿಂತಿದೆ?”

“ಇನ್ನೊಂದರಲ್ಲೂ ಇಲ್ಲ ಮೇಡಂ.”

“ಅದನ್ನ ಈಗ ನಾನು ಹೇಗೆ ನಂಬ್ಲಿ?”

ಅವಳ ತಲೆಯ ಮೇಲೆ ಕಲ್ಲು ಬಿದ್ದದ್ದು ಆಗ. ಕೆಲಸ ಹೋದೀತು, ಮಾನ ಹೋದೀತು ಎಂದೆಲ್ಲ ಅವಳು ಯೋಚಿಸಿದ್ದಳು. ಹಿಂದಿನ ಹತ್ತೊಂಬತ್ತು ವರ್ಷವೂ ಹೋದೀತೆಂದು ಯೋಚಿಸಿರಲಿಲ್ಲ.

ಎರಡು ದಿನದ ನಂತರ ಎರಡೂ ಕಡೆಯವರನ್ನು ಕರೆಸಿ ಹೇಳಿಕೆಯನ್ನು ತಿದ್ದಲಾಯಿತು. ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು. ಇವಳು ಸಾಕ್ಷಿಕಟ್ಟೆ ಹತ್ತಿ, ಅಡಿಟಿಪ್ಪಣಿ ತಾನೇ ಎಂದೂ ತಾನು ವಕೀಲೆಯಲ್ಲವೆಂದೂ ಹೇಳಿದಳು. ಹೊಸಬಳು ಎರಡು ಸಲ ನಿಲ್ಲಿಸಿ, “ಇನ್ನೊಂದ್ಸಲ ಹೇಳಿ” ಎಂದಳು. ಎರಡು ಸಲವೂ ಅದನ್ನೇ ಹೇಳಬೇಕಾಯಿತು.

ಕಲಾಪ ಮುಗಿದ ಮೇಲೆ ತಕ್ಕಡಿಯವನು ಮೊಗಸಾಲೆಯಲ್ಲಿ ನಿಂತಿದ್ದ. ಅವಳು ತಪ್ಪಿಸಿಕೊಂಡು ಹೋಗಲಿಲ್ಲ.

“ಕ್ಷಮಿಸಿ” ಎಂದಳು.

“ನಿಮ್ಮ ಉತ್ತರಾನ ದೊಡ್ಡದಾಗಿ ಪ್ರಿಂಟ್ ಹಾಕಿ ಕಾರ್ಖಾನೆ ಗೋಡೆಗೆ ಅಂಟಿಸಿದ್ದೆ” ಎಂದ ಅವನು. ಕೋಪವಿದ್ದರೂ ಸ್ವರ ಏರಿರಲಿಲ್ಲ. “ಹುಡುಗರು ದಿಗಿಲು ಬಿದ್ದಾಗೆಲ್ಲ ತೋರಿಸ್ತಿದ್ದೆ. ಲಾಯರ್ ಅಲ್ಲ ಅಂತ ಒಂದೇ ಒಂದು ಮಾತು ಬರೆದಿದ್ರೆ ಸಾಕಿತ್ತು. ಆ ಮುಳ್ಳುಹಂದಿ ಕೇಳಿದ್ದಕ್ಕೆ ನಾನು ಉತ್ತರ ಕೊಡ್ತಿದ್ದೆ. ನೀವು ಅವರನ್ನ ಗೇಲಿ ಮಾಡಿದ್ರಲ್ಲ, ನಾನೂ ಸೇರ್ಕೊಂಡು ನಕ್ಕೆ.”

ಅವನು ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದ.

ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಮೇಷ್ಟರು ಅಂದದ್ದು ಇಷ್ಟೇ: “ಇವರ ಕಾರ್ಖಾನೆ ಮುಚ್ಚಿಸಿ ನನಗೇನಾಗ್ಬೇಕು? ಕೋಡು ಎಲ್ಲರಿಗೂ ಸಿಗಲಿ.” ತಕ್ಕಡಿಯವನು ಕೋಡನ್ನು ಬಯಲಿಗಿಟ್ಟ. ತಿಂಗಳೊಳಗೆ ದೊಡ್ಡ ಕಂಪನಿಯೊಂದು ಅದನ್ನೇ ಬಳಸಿ, ತನ್ನ ಕೋಡನ್ನೂ ಲೈಸೆನ್ಸಿನ ಪ್ರಕಾರ ಬಯಲಿಗಿಟ್ಟು, ಅಂಥದೇ ತಕ್ಕಡಿಯನ್ನು ಮಾರಾಟಕ್ಕೆ ತಂದಿತು. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು. ಇವನ ಮೂವರು ಕೆಲಸಗಾರರಲ್ಲಿ ಒಬ್ಬ ಆ ಕಂಪನಿಗೇ ಸೇರಿದನೆಂದು ಗುಮಾಸ್ತ ಹೇಳಿದ.

ಅವಳು ಚರ್ಚಾಕಟ್ಟೆಯಲ್ಲಿ ಕೊನೆಯ ಸಲ ಬರೆದಳು: “ನಾನು ವಕೀಲೆಯಲ್ಲ. ನ್ಯಾಯಾಲಯದಲ್ಲಿ ಟೈಪ್ ಮಾಡುವವಳು. ತಕ್ಕಡಿಯವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು. ಮುಳ್ಳುಹಂದಿ ಕೇಳಿದ್ದೇ ಸರಿ. ನನ್ನ ಹಳೆಯ ಉತ್ತರಗಳನ್ನು ನಂಬಿ ಏನಾದರೂ ಮಾಡಿದ್ದರೆ ದಯವಿಟ್ಟು ತಿಳಿದವರಿಗೆ ತೋರಿಸಿ.” ಬೈಗುಳ ಬಂತು, ಸಾಲುಸಾಲಾಗಿ ಬಂತು. ಒಂದನ್ನೂ ಬಿಡದೆ ಓದಿದಳು. ನಡುವೆ ಮುಳ್ಳುಹಂದಿಯದೂ ಒಂದಿತ್ತು: “ನಾನೂ ವಕೀಲನಲ್ಲ. ಹಲ್ಲಿನ ಡಾಕ್ಟರು. ಬಾಯಿ ತೆರೆದವರನ್ನ ಎಲ್ಲಿ ನೋವು ಅಂತ ಮೊದಲು ಕೇಳೋದು ನನ್ನ ಅಭ್ಯಾಸ, ಅಷ್ಟೇ.” ಗಂಡ ಅದನ್ನು ಓದಿ ಬಿದ್ದು ಬಿದ್ದು ನಕ್ಕ. ಅವಳಿಗೂ ನಗು ಬಂತು; ತಕ್ಷಣ ತನ್ನ ಮೇಲೆ ಶುರುವಾಗಿದ್ದ ಇಲಾಖೆಯ ವಿಚಾರಣೆ ನೆನಪಾಯಿತು.

ಅವಳನ್ನು ನಕಲು ವಿಭಾಗಕ್ಕೆ ಹಾಕಿದ್ದರು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ. ಮೇಲಿನ ಮಹಡಿಯಲ್ಲಿ ಇಬ್ಬರು ಅಧಿಕಾರಿಗಳು ಅವಳ ಹಳೆಯ ಕಡತಗಳನ್ನು ನ್ಯಾಯಾಧೀಶರ ಟಿಪ್ಪಣಿಗಳ ಜೊತೆ ತಾಳೆ ನೋಡುತ್ತಿದ್ದರು. ಮೆಟ್ಟಿಲ ಮೇಲೆ ಬೂಟಿನ ಸದ್ದಾದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ಆ ಕಡತಗಳಲ್ಲಿ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಹನ್ನೊಂದು ವಾರಗಳ ಕಾಲ, ಗೊತ್ತಿದ್ದದ್ದೂ ದಿನದಿನಕ್ಕೆ ತೆಳ್ಳಗಾಗುತ್ತ ಬಂತು.

ಹನ್ನೆರಡನೇ ವಾರ ಪತ್ರ ಬಂತು. ಪರಿಶೀಲಿಸಿದ ಮುನ್ನೂರ ಹನ್ನೆರಡು ಹೇಳಿಕೆಗಳಲ್ಲಿ ಲೋಪ ಕಂಡುಬಂದಿಲ್ಲ. ಲಿಖಿತ ಎಚ್ಚರಿಕೆ ನೀಡಲಾಗಿದೆ. ಕೊಠಡಿಗೆ ಮರಳಿಸುವ ಪ್ರಶ್ನೆ ಸದ್ಯಕ್ಕಿಲ್ಲ. ಅವಳು ಪತ್ರವನ್ನು ಮೂರು ಸಲ ಓದಿದಳು. ಗಂಡನಿಗೆ ಫೋನು ಮಾಡಿದಳು. “ಹತ್ತೊಂಬತ್ತು ವರ್ಷ ಉಳೀತಾ?” ಎಂದ ಅವನು. “ಉಳೀತು” ಎಂದಳು. ಅತ್ತ ಕಡೆ ಅವನು ಅಂಗಡಿಗೆ ಬಂದವರಿಗೆ, “ಒಂದ್ನಿಮಿಷ, ಕೂತ್ಕೊಳ್ಳಿ” ಎನ್ನುವುದು ಕೇಳಿಸಿತು. ಅವಳು ಅವನಿಗೆ ಪತ್ರವನ್ನು ಮೊದಲ ಸಾಲಿನಿಂದ, ಒಂದನ್ನೂ ಬಿಡದೆ, ಓದಿ ಹೇಳತೊಡಗಿದಳು.