ಫೇಲಾದ ಗೋಡೆ

"ಏ ಮುದುಕಪ್ಪ, ಕೈಲಿರೋದು ಕರಣೆನೋ ಊರುಗೋಲೋ? ಬೆಳಗ್ಗೆಯಿಂದ ಸವರಿದ್ದೇ ಸವರಿದ್ದು. ಗೋಡೆ ಅಂದ್ಕೊಂಡ್ಯಾ, ಹೆಂಡ್ತಿ ಬೆನ್ನು ಅಂದ್ಕೊಂಡ್ಯಾ?"

ಸೂಪರ್‌ವೈಸರ್ ಮಾತಿಗೆ ಬಾಗಿಲಲ್ಲಿ ನಿಂತಿದ್ದ ಕಾವಲಿನವರು ಹಲ್ಲು ಕಿರಿದರು. ಅಟ್ಟಣೆಯ ಮೇಲಿದ್ದ ಮೇಸ್ತ್ರಿ ತಿರುಗಿ ನೋಡಲಿಲ್ಲ. ಹೊಸ ಕಟ್ಟಡದ ಪಡಸಾಲೆಯ ಉದ್ದನೆಯ ಗೋಡೆಗೆ ಗಾರೆ ಮೆತ್ತಿ ಮುಗಿಸಿದ್ದ. ಮೂಲೆಯೊಂದನ್ನು ನಯ ಮಾಡುವುದಷ್ಟೇ ಬಾಕಿ. ಅದನ್ನೂ ಮುಗಿಸಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದ.

ಸೂಪರ್‌ವೈಸರ್ ಗೋಡೆಯತ್ತ ಕಣ್ಣು ಹಾಯಿಸಿದ ಹಾಗೆ ಮಾಡಿದ. "ಆಯ್ತು, ಟ್ರಯಲ್ ಮುಗೀತು. ಕೈ ನಿಧಾನ, ಮಟ್ಟ ಇಲ್ಲ. ನಮಗಾಗಲ್ಲ."

"ಮಟ್ಟಗೋಲು ಇಟ್ಟು ಒಂದ್ಸಲ ನೋಡಿ ಸ್ವಾಮಿ..."

"ನಂಗೇ ಹೇಳ್ಕೊಡ್ತೀಯೇನೋ? ನಡಿ. ವಯಸ್ಸಾದೋರು ಮನೇಲಿ ಬಿದ್ದಿರ್ಬೇಕು. ಇಲ್ಲಿ ಬಿದ್ದು ಸತ್ರೆ ನಮ್ ತಲೆಗೆ ಬರುತ್ತೆ."

ಒಂದು ದಿನ ಬಿಟ್ಟಿ ಕೆಲಸ ಮಾಡಿ ತೋರಿಸಬೇಕು, ಕೈ ಒಪ್ಪಿಗೆಯಾದರೆ ಮರುದಿನದಿಂದ ಕೂಲಿ. ವಯಸ್ಸಾದವರಿಗೆ ಅಲ್ಲಿ ಇದೇ ಷರತ್ತು. ಮೇಸ್ತ್ರಿ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟ.

ಒಂದು ಕಾಲಕ್ಕೆ ಅವನ ಕೈಕೆಳಗೆ ಗಾರೆಯವರ ದೊಡ್ಡ ಗುಂಪೇ ಇತ್ತು. ಇಡೀ ಕಟ್ಟಡಗಳ ಗಾರೆ ಕೆಲಸವನ್ನು ಕಂಟ್ರಾಕ್ಟ್ ಹಿಡಿಯುತ್ತಿದ್ದ. ಆಮೇಲೆ ದೊಡ್ಡ ಕಂಪನಿಗಳು ಗಾರೆ ಎರಚುವ ಯಂತ್ರಗಳ ಜೊತೆ ಬಂದವು. ಕಟ್ಟಿಸುವವರು ಇವನ ಫೋನು ಎತ್ತುವುದನ್ನು ಬಿಟ್ಟರು. ಗುಂಪು ಚದುರಿತು. ಈಗ ಯಾರಾದರೂ ಕರೆದರೆ ಸಾಕು ಎಂದು ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಿದ್ದ. ಮೇಸ್ತ್ರಿ ಎಂಬ ಹೆಸರು ಮಾತ್ರ ಉಳಿದುಕೊಂಡಿತ್ತು.

ಮರುದಿನ ಅವನು ಎಲ್ಲಿಗೂ ಹೋಗಲಿಲ್ಲ. ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಮುಗಿಸಿ ಹೆಂಡತಿ ಮಧ್ಯಾಹ್ನ ಮನೆಗೆ ಬಂದಾಗ, ಲೋಟದ ಕಂಠದವರೆಗೆ ನೀರು ತುಂಬಿಕೊಂಡು ತೋಳು ಚಾಚಿ ಕೂತಿದ್ದ.

"ಇದೇನ್ರೀ ಅವತಾರ?"

"ಕೈ ನಡುಗುತ್ತಾ ಅಂತ ನೋಡ್ತಿದ್ದೆ."

"ಚೆಲ್ತಾ?"

"ಇಲ್ಲ."

"ಮತ್ತೆ?"

"ಅದೇ ಕಣೇ ಅರ್ಥ ಆಗ್ತಿಲ್ಲ. ಮಟ್ಟ ಇಲ್ಲ ಅಂದ. ಕೈಗೆ ಗೊತ್ತಾಗ್ದೆ ಇರುತ್ತಾ? ನನ್ ಕಣ್ಣೇ ಹೋಗಿರ್ಬೇಕು."

ಅವಳು ಲೋಟ ಕಿತ್ತುಕೊಂಡು ಆ ನೀರನ್ನು ತಾನೇ ಗಟಗಟ ಕುಡಿದಳು. "ಅವನ ಬಾಯಿಗೆ ಮಣ್ಣು ಹಾಕ. ಬೆಳಗ್ಗೆಯಿಂದ ಒಲೆ ಹಚ್ಚಿಲ್ವಾ? ಎದ್ದೇಳಿ, ಉಣ್ಣೋಕೇನಾದ್ರೂ ಮಾಡೋಣ." ಅಷ್ಟು ಹೇಳಿ ಒಳಗೆ ಹೋಗಿ ಒಲೆ ಹಚ್ಚಿದಳು.

ಸಂಜೆ ಚಹಾದಂಗಡಿಯಲ್ಲಿ ಸೊಟ್ಟಣ್ಣ ಸಿಕ್ಕ. ಮೊದಲು ಮೇಸ್ತ್ರಿಯ ಗುಂಪಿನಲ್ಲೇ ಇದ್ದವನು. ಗಾರೆ ಹೊತ್ತು ಹೊತ್ತು ಒಂದು ಹೆಗಲು ಇಳಿದುಹೋಗಿ ಆ ಹೆಸರು ಬಿದ್ದಿತ್ತು.

"ಆ ದೊಡ್ಡ ಬಿಲ್ಡಿಂಗಿಗೆ ಹೋಗಿದ್ಯಂತೆ ಮೇಸ್ತ್ರಿ?"

"ಹೋಗಿದ್ದೆ. ಫೇಲು."

"ನಾನೂ ಫೇಲು. ಕೈ ನಿಧಾನ ಅಂದ."

"ಮಟ್ಟ ಇಲ್ಲ ಅಂದ್ನಾ?"

"ಅಂದ. ಮನೇಲಿ ಬಿದ್ದಿರು ಅಂತಾನೂ ಅಂದ."

ಮೇಸ್ತ್ರಿ ಲೋಟ ಕೆಳಗಿಟ್ಟ. "ನಿನಗೆ ಯಾವ ಕೋಣೆ ಕೊಟ್ಟಿದ್ದ?"

"ಅಡುಗೆಮನೆ. ಮಲಗೋ ಕೋಣೆ ನಮ್ಮ ಗುಂಪಲ್ಲಿದ್ದ ಕೆಮ್ಮಿನ ತಾತ ಮಾಡ್ದ. ಅವನೂ ಫೇಲು."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹಾಗಾದ್ರೆ ಬಚ್ಚಲುಮನೇಲಿ ಯಾವನೋ ಫೇಲಾಗಿದ್ದು?" ಎಂದ ಮೇಸ್ತ್ರಿ. ಸೊಟ್ಟಣ್ಣನಿಗೆ ನಗು ತಡೆಯಲಾಗಲಿಲ್ಲ. ಚಹಾ ನೆತ್ತಿಗೇರಿ ಕೆಮ್ಮಿದ. ಮೇಸ್ತ್ರಿ ನಗಲಿಲ್ಲ. ಅವನ ಕಿವಿ ಕಾದು ಕೆಂಪಾಗಿತ್ತು.

"ಒಬ್ಬನನ್ನಾದ್ರೂ ತಗೊಂಡಿದ್ದಾನೇನೋ?"

"ಎಲ್ಲಿ ತಗೋತಾನೆ? ಕೆಳಗಿನ ಮಹಡಿ ಪೂರ್ತಿ ನಮ್ಮಂಥೋರ ಕೈಲೇ ಮುಗಿಸ್ದ. ಈಗ ಮೇಲಿನದಕ್ಕೆ ಕೈ ಹಾಕಿದ್ದಾನೆ. ನಾಳೆ ನಾನು ಮತ್ತೆ ಹೋಗ್ತೀನಿ."

"ಗೊತ್ತಿದ್ದೂ ಹೋಗ್ತೀಯಾ? ಥೂ, ನಿನ್ನ ಜನ್ಮಕ್ಕೆ!"

"ಬೈಯಿ ಮೇಸ್ತ್ರಿ. ಮನೇಲಿ ಕೂತ್ರೆ ಸೊಸೆ ನನ್ನ ಸುತ್ತ ಕಸ ಗುಡಿಸ್ಕೊಂಡು ಹೋಗ್ತಾಳೆ, ಮಂಚದ ಕಾಲು ಇದ್ದ ಹಾಗೆ. ಅಲ್ಲಾದ್ರೆ 'ಏ ಮುದುಕ' ಅಂತಾದ್ರೂ ಕರೀತಾರೆ. ಅಕಸ್ಮಾತ್ ಒಂದ್ಸಲ ಪಾಸ್ ಮಾಡಿದ್ರೆ?"

ಮೇಸ್ತ್ರಿ ಚಹಾದ ದುಡ್ಡು ಇಟ್ಟು ಎದ್ದ. "ಆಯ್ತು, ನಾನೂ ಬರ್ತೀನಿ" ಎಂದಷ್ಟೇ ಹೇಳಿದ.

ಬೆಳಗ್ಗೆ ಸೂಪರ್‌ವೈಸರ್ ಅವರನ್ನು ಗುರುತಿಸಲಿಲ್ಲ. ಕೂಲಿಯವರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಮೇಲಿನ ಮಹಡಿಯ ಪಡಸಾಲೆ ಮೇಸ್ತ್ರಿಗೆ, ಪಕ್ಕದ ಕೋಣೆ ಸೊಟ್ಟಣ್ಣನಿಗೆ ಬಂತು. "ಯಜಮಾನ್ರು ನಾಳೆ ನೋಡೋಕೆ ಬರ್ತಾರೆ, ಇವತ್ತೇ ಮುಗೀಬೇಕು" ಎಂದು ಗದರಿಸಿ ಹೋದ.

ಮೇಸ್ತ್ರಿ ಊಟಕ್ಕೂ ಇಳಿಯಲಿಲ್ಲ. ಬಾಂಡ್ಲಿ ಬಾಂಡ್ಲಿ ಗಾರೆ ತಾನೇ ಕಲಸಿ, ತಾನೇ ಹೊತ್ತು ತಂದ. ಸಂಜೆಯಾಗುವ ಹೊತ್ತಿಗೆ ಗೋಡೆ ನಿಂತ ನೀರಿನ ಹಾಗೆ ಸಮವಾಗಿತ್ತು. ಒಂದು ಗಳಿಗೆ ಅವನಿಗೇ ಹೆಮ್ಮೆಯೆನಿಸಿತು. ಆ ಹೆಮ್ಮೆ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಸೂಪರ್‌ವೈಸರ್ ಬಾಗಿಲಿನಿಂದಲೇ ಇಣುಕಿದ. "ಕೈ ನಿಧಾನ. ಮಟ್ಟ ಇಲ್ಲ. ನಮಗಾಗಲ್ಲ, ನಡಿ."

"ಮಟ್ಟ ಇಲ್ವಾ ಸ್ವಾಮಿ?"

"ಇಲ್ಲ ಅಂದ್ನಲ್ಲ, ಕಿವೀನೂ ಹೋಗಿದ್ಯಾ?"

ಮೇಸ್ತ್ರಿ ಮಟ್ಟಗೋಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ನೆತ್ತಿಗೆ ಅದರ ಅಂಚನ್ನು ಊರಿದ. ಮೈಭಾರವನ್ನೆಲ್ಲ ಬಿಟ್ಟು ಕೆಳಗೆ ಜಗ್ಗಿದ. ಹಸಿ ಗಾರೆ ಹಾಳೆ ಹಾಳೆಯಾಗಿ ನೆಲಕ್ಕೆ ಬಿತ್ತು. ಒಳಗಿನ ಇಟ್ಟಿಗೆ ಹೊರಬಂತು.

"ಏಯ್! ಏನ್ ಮಾಡ್ತಿದ್ದೀಯೋ ಬೋಳಿಮಗನೆ! ಚೆನ್ನಾಗಿತ್ತಲ್ಲೋ!"

ಮೇಸ್ತ್ರಿಯ ಕೈ ನಿಂತಿತು. "ಏನಂದ್ರಿ? ಇನ್ನೊಂದ್ಸಲ ಹೇಳಿ."

ಸೂಪರ್‌ವೈಸರ್ ಬಾಗಿಲಾಚೆಗೆ ತಿರುಗಿ ಕಾವಲಿನವರನ್ನು ಕೂಗಿದ.

"ಫೇಲಾದ ಗಾರೆ ನಿಮ್ಮ ಗೋಡೆ ಮೇಲೆ ಯಾಕೆ ಇರ್ಬೇಕು? ಯಜಮಾನ್ರು ಬಂದು ನೋಡಿದ್ರೆ ನಿಮಗೇ ಕೆಟ್ಟ ಹೆಸರು." ಮತ್ತೆ ಊರಿದ, ಮತ್ತೆ ಜಗ್ಗಿದ. ಸದ್ದು ಕೇಳಿ ಸೊಟ್ಟಣ್ಣ ಬಾಗಿಲಿಗೆ ಬಂದು ನಿಂತ.

ಕಾವಲಿನವರು ನುಗ್ಗಿದರು. ಒಬ್ಬ ಮೇಸ್ತ್ರಿಯ ಕೈ ತಿರುಚಿದ, ಇನ್ನೊಬ್ಬ ಬಾಯಿಗೆ ಗುದ್ದಿದ. ತುಟಿ ಒಡೆದು ಗಲ್ಲದ ಮೇಲಿನ ಗಾರೆಯೊಳಗೆ ರಕ್ತ ಇಳಿಯಿತು. ಅರ್ಧ ಗೋಡೆ ಆಗಲೇ ಬೆತ್ತಲೆಯಾಗಿತ್ತು. ಸೂಪರ್‌ವೈಸರ್ ಅದನ್ನೊಮ್ಮೆ, ಕಿಟಕಿಯಲ್ಲಿ ಇಳಿಯುತ್ತಿದ್ದ ಬಿಸಿಲನ್ನೊಮ್ಮೆ ನೋಡಿದ. ಆಮೇಲೆ ಸೊಟ್ಟಣ್ಣನತ್ತ ತಿರುಗಿದಾಗ ದನಿ ಬದಲಾಗಿತ್ತು.

"ನೋಡು ತಾತ, ನೀನು ಮರ್ಯಾದಸ್ಥ. ಇದನ್ನೂ ಮುಗಿಸ್ಬಿಡು. ನಾಳೆಯಿಂದ ನಿನ್ನ ಕೆಲಸ ಖಾಯಂ."

"ಖಾಯಮ್ಮಾ?" ಎಂದ ಸೊಟ್ಟಣ್ಣ. ಅದು ಬಹಳ ಸಣ್ಣ ದನಿ.

ಮೆಟ್ಟಿಲ ಬಳಿಗೆ ಎಳೆದೊಯ್ಯುತ್ತಿದ್ದವರ ಹಿಡಿತದಲ್ಲೇ ಮೇಸ್ತ್ರಿ ಕತ್ತು ಹೊರಳಿಸಿದ. ಬೈಗುಳ ನಾಲಿಗೆಯವರೆಗೂ ಬಂದಿತ್ತು. ಸೊಟ್ಟಣ್ಣನ ಇಳಿದ ಹೆಗಲು ಕಂಡು ಅದನ್ನು ನುಂಗಿಕೊಂಡ.

"ಮಾಡಪ್ಪಾ. ಬೇಡ ಅನ್ನಲ್ಲ. ಆದ್ರೆ ಮೊದಲು ದುಡ್ಡು ಇಸ್ಕೊ!"

"ಎಳೀರೋ ಅವನ್ನ!" ಸೂಪರ್‌ವೈಸರ್ ಕಿರುಚಿದ.

ಸೊಟ್ಟಣ್ಣ ಬಗ್ಗಿ ನೆಲದ ಮೇಲಿದ್ದ ಮೇಸ್ತ್ರಿಯ ಕರಣೆ ಎತ್ತಿಕೊಂಡ. ಮಿಕ್ಕ ಗಾರೆಯಿದ್ದ ಬಾಂಡ್ಲಿ ಅವನ ಕಾಲ ಬುಡದಲ್ಲೇ ಇತ್ತು. ಅದಕ್ಕೆ ಕೈ ಹಾಕಲಿಲ್ಲ. ಕರಣೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಲಗೈ ಮುಂದೆ ಚಾಚಿದ.

"ಇವತ್ತಿಂದು ಕೊಡಿ. ಅಡುಗೆಮನೇದೂ ಕೊಡಿ. ಮೇಸ್ತ್ರಿ ಪಡಸಾಲೇದೂ."

"ಲೋ ಮುದುಕ..."

"ಕೊಡಿ. ಆಮೇಲೆ ಗಾರೆ ಮುಟ್ಟೋ ಮಾತು."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೆರಳ ಸಂದಿಯ ಗಾರೆ ಒಣಗಿ ಬಿರುಕು ಬಿಡುತ್ತಿತ್ತು. ಸೂಪರ್‌ವೈಸರ್ ಆ ಅಂಗೈಯನ್ನೇ ನೋಡುತ್ತ ನಿಂತ. ಕಾವಲಿನವರು ಮೇಸ್ತ್ರಿಯನ್ನು ಕೆಳಗಿನ ಮೆಟ್ಟಿಲುಗಳಲ್ಲಿ ದಬ್ಬಿದ ಸದ್ದು ಕೇಳಿಸಿತು. ಬಾಂಡ್ಲಿಯಲ್ಲಿದ್ದ ಗಾರೆ ಗಟ್ಟಿಯಾಗತೊಡಗಿತ್ತು.