ದೇವರ ಪೀಠದ ಗೋಧಿ

ಮೇಷ್ಟ್ರಾದವರ ಜೇಬಿನಲ್ಲಿ ಪೆನ್ನು ಇರುವುದು ಲೋಕರೂಢಿ. ಆಲ್ಫೋನ್ಸ್ ಮಾಸ್ಟ್ರ ಜೇಬಿನಲ್ಲಿ ಚಿಮಟ ಇರುತ್ತಿತ್ತು. ಕಾಪುವಿನ ಹೈಸ್ಕೂಲಿನಲ್ಲಿ ಅವರು ಜೀವಶಾಸ್ತ್ರದ ಅಧ್ಯಾಪಕರು, ನಾನು ಕನ್ನಡ ಪಂಡಿತ. ಸಮುದ್ರದ ಉಪ್ಪುಗಾಳಿಗೆ ನಮಗೆಲ್ಲ ಬನಿಯನ್ನೂ ಭಾರವಾಗುವಾಗ, ಜರ್ಮನಿಯಲ್ಲಿ ನರ್ಸಾಗಿದ್ದ ತಂಗಿ ಒಲಿಂಡಾ ಕಳಿಸಿದ ಉಣ್ಣೆಯ ಕೋಟು ತೊಟ್ಟು, ತಲೆ ತಗ್ಗಿಸಿ, ನೆಲದಲ್ಲಿ ಏನನ್ನೋ ಕಳೆದುಕೊಂಡವರಂತೆ ನಡೆಯುತ್ತಿದ್ದರು. ದಾರಿಬದಿಯ ಹುಲ್ಲು ಹೂಬಿಟ್ಟದ್ದು ಕಂಡರೆ, ಬಸ್ಸು ತಪ್ಪಿದರೂ ಸರಿಯೇ, ಕುಕ್ಕರಗಾಲಿನಲ್ಲಿ ಕೂತು ಚಿಮಟದಿಂದ ಅದನ್ನು ಬಿಡಿಸಿ ನೋಡದೆ ಏಳುವವರಲ್ಲ. ಈ ಸೆಕೆಗೆ ಕೋಟೇಕೆಂದು ಕೇಳಿದರೆ, "ವಿಷಯ ಅದಲ್ಲ ಮಾರಾಯ್ರೆ, ಇದಕ್ಕೆ ಏಳು ಜೇಬು ಉಂಟು" ಎನ್ನುತ್ತಿದ್ದರು.

ಆ ಕೋಟಿನ ಜೊತೆಗೇ ಬಂದದ್ದು ಒಂದು ಹಿಡಿ ಸ್ಪೆಲ್ಟ್, ಅಂದರೆ ಅಲ್ಲಿನವರ ಪುರಾತನ ಗೋಧಿ. ರುಚಿಯಲ್ಲೂ ಸತ್ತ್ವದಲ್ಲೂ ಮೇಲು. ಆದರೆ ಇಳುವರಿ ಕಡಿಮೆ, ಮೇಲಾಗಿ ಹೊಟ್ಟು ಕಾಳನ್ನು ಜಿಗಣೆಯ ಹಾಗೆ ಕಚ್ಚಿಕೊಂಡಿರುತ್ತದೆ, ಕುಟ್ಟದೆ ಬಿಡುವುದಿಲ್ಲ. ಅದಕ್ಕೂ ನಮ್ಮ ಸಾಮಾನ್ಯ ಗೋಧಿಗೂ ಸಂಬಂಧ ಕುದುರಿಸಿ, ಹೆಚ್ಚು ಇಳುವರಿಯ, ಒಳ್ಳೆಯ ಸತ್ತ್ವದ, ಹೊಟ್ಟು ಸುಲಭವಾಗಿ ಬಿಡುವ ತಳಿಯನ್ನು ಪಡೆಯಬೇಕೆಂಬುದು ಮಾಸ್ಟ್ರ ಮಹಾಸಂಕಲ್ಪ. ಅದೂ ಎಲ್ಲಿ? ಕುಚ್ಚಲಕ್ಕಿ ಗಂಜಿಯೇ ಪ್ರಾಣವಾದ, ಗೋಧಿ ಗಿಡ ಕಂಡರೆ ಕಳೆಯೆಂದು ಕಿತ್ತೆಸೆಯುವ ಕಾಪುವಿನಲ್ಲಿ.

ಮೊದಲೆರಡು ವರ್ಷ ಸ್ಪೆಲ್ಟ್ ಬರೀ ಹುಲ್ಲಾಗಿ ಉಳಿಯಿತು. ಮೊಳಕೆಯಲ್ಲಿ ಆರು ವಾರ ಚಳಿ ತಿನ್ನದೆ ಅದು ಹೂಬಿಡುವುದಿಲ್ಲವಂತೆ. ಮಾಸ್ಟ್ರು ಮೊಳಕೆಗಳನ್ನು ಒಯ್ದು ಮೂಸಾ ಬ್ಯಾರಿಯವರ ಐಸ್ ಫ್ಯಾಕ್ಟರಿಯಲ್ಲಿ, ಬಂಗುಡೆ ಮೀನಿನ ಪೆಟ್ಟಿಗೆಗಳ ನಡುವೆ ಇರಿಸಿದರು. "ಇವಕ್ಕೆ ಶೀತ ಆಗುವುದಿಲ್ವಾ ಮಾಸ್ಟ್ರೆ?" ಎಂದು ಬ್ಯಾರಿಯವರು ಕೇಳಿದ್ದು ಊರಿಡೀ ಹಬ್ಬಿತು. ಹೂವಿನ ಕೇಸರಗಳನ್ನು ಚಿಮಟದಿಂದ ಕಿತ್ತು, ಕಾಗದದ ಟೊಪ್ಪಿ ತೊಡಿಸಿ, ಬೇರೆ ತಳಿಯ ಪರಾಗ ಸವರಿ, ಮತ್ತೆ ಮೂರು ವರ್ಷ ಹೆಣಗಿದರು. ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ ಉಳಿದೆಲ್ಲ ಗಿಡಗಳು ಬಿಸಿಲಿಗೆ ಸುಟ್ಟುಹೋಗಿ, ಒಂದರಲ್ಲಿ ಮಾತ್ರ ಗೇಣುದ್ದದ ಒಂದು ತೆನೆ ತುಂಬಿತು.

ಹೊಟ್ಟು ಬಿಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅದರಿಂದ ಒಂದು ಕಾಳನ್ನು ಕೀಳುವುದಕ್ಕೂ ಮಾಸ್ಟ್ರಿಗೆ ಮನಸ್ಸು ಬರಲಿಲ್ಲ. ಇದ್ದಷ್ಟನ್ನೂ ನವೆಂಬರಿನಲ್ಲಿ ಬಿತ್ತಬೇಕಿತ್ತು. ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದೆಂದು, ಮನೆಯಲ್ಲಿ ಹಗಲಿರುಳೂ ಬಲ್ಬು ಉರಿಯುವ ಏಕೈಕ ಸ್ಥಳವಾದ ದೇವರ ಪೀಠದ ಪಕ್ಕದಲ್ಲಿ ತೆನೆಯನ್ನು ತೂಗುಹಾಕಿದರು. ಹೆಂಡತಿ ಆಂಜೆಲಾ ಬಾಯಿ ಗೋಧಿಯ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಸೆಪ್ಟೆಂಬರಿನಲ್ಲಿ ಕ್ರೈಸ್ತರಾದ ಅವರಿಗೆ ತೆನೆಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ತಂದು ದೇವರ ಪೀಠದಲ್ಲಿಟ್ಟು, ಕಾಳು ಸುಲಿದು ಪಾಯಸಕ್ಕೆ ಹಾಕಿ, ಮನೆಮಂದಿ ಒಟ್ಟಿಗೆ ಉಣ್ಣುವುದು ಪದ್ಧತಿ. ಆ ವರ್ಷ ಊಟಕ್ಕೆ ನನಗೂ ಕರೆಯಿತ್ತು. ಪಾಯಸದ ಎರಡನೆಯ ಗುಟುಕಿಗೆ ಮಾಸ್ಟ್ರು ಜಗಿಯುವುದನ್ನು ನಿಲ್ಲಿಸಿ ದೇವರ ಪೀಠದ ಕಡೆ ನೋಡಿದರು. ಅಲ್ಲಿ ದಾರ ಮಾತ್ರ ಇತ್ತು.

"ನೆರೆ ಬಂದು ಚರ್ಚಿನ ತೆನೆಯೆಲ್ಲ ಜಳ್ಳು," ಎಂದರು ಆಂಜೆಲಾ ಬಾಯಿ. "ದೇವರ ಹತ್ತಿರ ಇಟ್ಟದ್ದು ಹಬ್ಬಕ್ಕೇ ಅಲ್ವಾ? ಎಲ್ಲ ಹಾಕಿದೆ."

ಐದು ವರ್ಷದ ತಪಸ್ಸು ಬೆಂದು ನಮ್ಮ ಮೂವರ ಲೋಟದಲ್ಲಿತ್ತು. ನನ್ನ ಬಾಯಲ್ಲಿದ್ದದ್ದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಮಾಸ್ಟ್ರ ಮುಖ ನೋಡಿ ನನಗೆ ಸಂಕಟವಾಯಿತು. ಅವರು ಲೋಟ ಕೆಳಗಿಟ್ಟು ಹೆಂಡತಿಯನ್ನು ಕೇಳಿದರು:

"ಹೊಟ್ಟು ಹೇಗೆ ತೆಗೆದದ್ದು? ಒರಳಲ್ಲಿ ಕುಟ್ಟಿದೆಯಾ?"

"ಕುಟ್ಟುವುದು ಎಂತಕ್ಕೆ? ಅಂಗೈಯಲ್ಲಿ ಉಜ್ಜಿದೆ, ಊದಿದೆ, ಹೋಯಿತು."

ಮಾಸ್ಟ್ರು ಎದ್ದುನಿಂತು ನನ್ನ ಭುಜ ಹಿಡಿದು ಅಲುಗಿಸಿದರು. "ಕೈಯಲ್ಲೇ ಬಿಟ್ಟಿತಂತೆ, ಕೇಳಿದಿರಾ? ಬರೀ ಕೈಯಲ್ಲಿ." ಬಿತ್ತಲು ಒಂದು ಕಾಳೂ ಇಲ್ಲದ ಆ ಮನುಷ್ಯ, ಕಣಜ ತುಂಬಿದ ರೈತನಿಗಿಂತ ಹೆಚ್ಚು ಹಿಗ್ಗಿ, ಇನ್ನೊಂದು ಲೋಟ ಪಾಯಸ ಹಾಕಿಸಿಕೊಂಡರು.

ಊರು ಈ ಕತೆ ಹೇಳಿ ನಕ್ಕಿತು, ನಾನೂ ನಕ್ಕಿದ್ದೇನೆ. ಬೆಳೆದದ್ದು ಕಣಜಕ್ಕೆ ಬಂದರೆ ಸುಖಪಡುವವರು ನಾವೆಲ್ಲರೂ. ಬೆಳೆದದ್ದೆಲ್ಲ ಹೋದ ಗಳಿಗೆಯಲ್ಲೂ, ತಾನು ಎಣಿಸಿದ್ದು ನಿಜವಾಗಿತ್ತೆಂಬ ಒಂದೇ ಸುದ್ದಿಗೆ ಹಸಿವಾಗುವ ಜನ ಎಲ್ಲೋ ಒಬ್ಬಿಬ್ಬರು. ಅಂಥವರ ಮನೆಯ ಹಬ್ಬವನ್ನು ಯಾರಿಂದಲೂ ಕೆಡಿಸಲಾಗದು.